‘ಅಮೆರಿಕದಲ್ಲಿ ಎಮರ್ಜೆನ್ಸಿ, ಬೀದಿಗೆ ಸೈನ್ಯ’: ಸುದ್ದಿ ಬಂದಾಗ ಯಾವುದನ್ನು ಮೊದಲು ನೋಡಬೇಕು

ಮೈಸೂರಿನಲ್ಲಿ ಬೆಳಗಿನ ಕಾಫಿ ಹೊತ್ತಿಗೆ ವಾಟ್ಸಾಪ್‌ಗೆ ವಿಡಿಯೊ ಬಂದಿರುತ್ತದೆ. ಮಚ್ಚೆ ಮಚ್ಚೆ ಸಮವಸ್ತ್ರ, ಹೆಲ್ಮೆಟ್ಟು, ಎದೆಗೆ ಅಡ್ಡವಾಗಿ ಬಂದೂಕು, ಹಿಂದೆ ಷಿಕಾಗೊದ ಕಟ್ಟಡಗಳು. ಕೆಳಗೆ ಒಂದೇ ಸಾಲು: ‘ಅಮೆರಿಕದಲ್ಲಿ ಎಮರ್ಜೆನ್ಸಿ’. ಅಲ್ಲಿ ಮಗಳು ರಾತ್ರಿ ಊಟಕ್ಕೆ ಕೂತಿರುವಾಗ ಇಲ್ಲಿಂದ ಅಮ್ಮನ ಫೋನು ಹೋಗುತ್ತದೆ.

ಎಮರ್ಜೆನ್ಸಿ ಎಂದರೆ ನಮಗೆ ನೆನಪಾಗುವುದು 1975ರ ಜೂನ್ 25. ವಾಜಪೇಯಿ, ಅಡ್ವಾಣಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ, ಪತ್ರಿಕೆಗಳಿಗೆ ಸೆನ್ಸಾರ್, ಮೂಲಭೂತ ಹಕ್ಕುಗಳಿಗೆ ಬೀಗ. ಆ ನೆನಪನ್ನೇ ಅಳತೆಗೋಲು ಮಾಡಿಕೊಂಡು ಅಮೆರಿಕದ ಸುದ್ದಿ ಓದಿದರೆ ಎರಡು ಕಡೆ ಎಡವುತ್ತೇವೆ. ಒಂದು, ಅಲ್ಲಿ ಯಾವುದೇ ದಿನ ನೋಡಿದರೂ 40ಕ್ಕೂ ಹೆಚ್ಚು ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ಗಳು ಜಾರಿಯಲ್ಲಿರುತ್ತವೆ, ಹೆಚ್ಚಿನವು ಯಾವುದೋ ದೇಶದವರ ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕುವ ಸಂಗತಿ. ಎರಡು, ಬೀದಿಗೆ ಸೈನಿಕರನ್ನು ಇಳಿಸಲು ಅಧ್ಯಕ್ಷರು ತುರ್ತು ಪರಿಸ್ಥಿತಿ ಘೋಷಿಸಬೇಕೆಂದೇ ಇಲ್ಲ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ಗೆ ಸೈನಿಕರು ಬಂದದ್ದು ಅಂಥ ಘೋಷಣೆಯ ಮೇಲಲ್ಲ. ತುರ್ತು ಪರಿಸ್ಥಿತಿ ಒಂದು ದಾರಿ, ಸೈನ್ಯ ಇನ್ನೊಂದು ದಾರಿ. ಆತಂಕ ಪಡಲು ಕಾರಣ ಎರಡರಲ್ಲೂ ಇದೆ, ಆದರೆ ಕಾರಣ ಬೇರೆ ಬೇರೆ. ಕೆಳಗಿನ ಕ್ರಮದಲ್ಲಿ ನೋಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಯಾವುದು ಯಾವುದೆಂದು ಗೊತ್ತಾಗುತ್ತದೆ.

1. ಮೊದಲು ಹಾಳೆ ಹುಡುಕಿ

ಅಧ್ಯಕ್ಷರ ಭಾಷಣ, ಟಿವಿ ಸಂದರ್ಶನ, ಟ್ರಂಪ್ ಅವರ ಸ್ವಂತ ಸಾಮಾಜಿಕ ಜಾಲತಾಣ ‘ಟ್ರೂತ್ ಸೋಶಿಯಲ್’ನ ಪೋಸ್ಟ್ ಯಾವುದೂ ಆದೇಶವಲ್ಲ. 2025ರ ಸೆಪ್ಟೆಂಬರ್ 27ರಂದು ಪೋರ್ಟ್‌ಲೆಂಡ್‌ಗೆ ಪಡೆ ಕಳಿಸುವ ಮಾತು ಬಂದದ್ದು ಪೋಸ್ಟ್ ರೂಪದಲ್ಲಿ. ಆರೆಗನ್ ರಾಜ್ಯದ ಅರೆಕಾಲಿಕ ಸೇನೆಯಾದ ನ್ಯಾಷನಲ್ ಗಾರ್ಡ್‌ನ 200 ಜನರನ್ನು 60 ದಿನಕ್ಕೆ ಕರೆಯುವ ರಕ್ಷಣಾ ಇಲಾಖೆಯ ಪತ್ರ ಹೊರಬಿದ್ದದ್ದು ಮರುದಿನ. ಕೋರ್ಟಿನಲ್ಲಿ ನಿಲ್ಲುವುದು, ಬೀಳುವುದು ಆ ಪತ್ರ.

ಹುಡುಕಬೇಕಾದ ಜಾಗ ಎರಡು: ಶ್ವೇತಭವನದ ಜಾಲತಾಣದಲ್ಲಿ ‘ಪ್ರೆಸಿಡೆನ್ಷಿಯಲ್ ಆ್ಯಕ್ಷನ್ಸ್’ ಎಂಬ ಪುಟ, ಮತ್ತು ಅಲ್ಲಿನ ಸರ್ಕಾರಿ ಗೆಜೆಟ್ ಆದ ‘ಫೆಡರಲ್ ರಿಜಿಸ್ಟರ್’. ಮೊದಲನೆಯದರಲ್ಲಿ ಬೇಗ ಸಿಗುತ್ತದೆ, ಎರಡನೆಯದು ಖಾತ್ರಿ. ಹಾಳೆಯ ಹೆಸರು ಎಕ್ಸಿಕ್ಯೂಟಿವ್ ಆರ್ಡರ್, ಪ್ರೊಕ್ಲಮೇಶನ್, ಮೆಮೊರಾಂಡಂ ಏನೇ ಇರಲಿ, ತಲೆ ಕೆಡಿಸಿಕೊಳ್ಳಬೇಡಿ. ಒಂದು ವಿನಾಯಿತಿ ಇದೆ, ಅದು ಎರಡನೇ ಹಂತದಲ್ಲಿ ಬರುತ್ತದೆ.

ಹಾಳೆ ಸಿಕ್ಕ ಮೇಲೆ ಐದು ವಿಷಯ ಗುರುತು ಹಾಕಿ: ಯಾವ ಕಾಯ್ದೆ, ಯಾವ ಊರು, ಎಷ್ಟು ಜನ, ಎಷ್ಟು ದಿನ, ಏನು ಕೆಲಸ. ಲಾಸ್ ಏಂಜಲೀಸ್‌ಗೆ ಸೈನಿಕರನ್ನು ತಂದ ಅಧ್ಯಕ್ಷರ 2025ರ ಜೂನ್ 7ರ ಮೆಮೊ ತೆಗೆದುಕೊಂಡು ಹೀಗೆ ಓದಿ ನೋಡಿ. ಜಗತ್ತೆಲ್ಲ ‘ಲಾಸ್ ಏಂಜಲೀಸ್’ ಎನ್ನುತ್ತಿತ್ತು. ಮೆಮೊದಲ್ಲಿ ಲಾಸ್ ಏಂಜಲೀಸ್ ಎಂಬ ಹೆಸರೇ ಇಲ್ಲ, ಕ್ಯಾಲಿಫೋರ್ನಿಯಾ ಎಂದೂ ಇಲ್ಲ. ವಲಸೆ ಅಧಿಕಾರಿಗಳ ವಿರುದ್ಧ ಪ್ರತಿಭಟನೆ ನಡೆಯುತ್ತಿರುವ, ‘ನಡೆಯುವ ಸಂಭವವಿರುವ’ ಸ್ಥಳಗಳು ಎಂದಷ್ಟೇ ಇದೆ. ಸಂಖ್ಯೆ ‘ಕನಿಷ್ಠ 2,000’. ಅವಧಿ 60 ದಿನ, ಅಥವಾ ರಕ್ಷಣಾ ಕಾರ್ಯದರ್ಶಿಯ ವಿವೇಚನೆಯಂತೆ. ಕಾನೂನು ಜಾರಿಗೆ ಅಡ್ಡಬರುವ ಪ್ರತಿಭಟನೆಯನ್ನು ಅದು ಒಂದು ಬಗೆಯ ‘ದಂಗೆ’ ಎಂದು ಕರೆದಿದೆ. ಕಾನೂನು ಬಲ್ಲವರು ಹೆದರಿದ್ದು ಟಿವಿಯಲ್ಲಿ ಕಂಡ ಹೊಗೆಗೆ ಅಲ್ಲ, ಈ ಊರಿಲ್ಲದ, ಮಿತಿಯಿಲ್ಲದ ವಾಕ್ಯಗಳಿಗೆ. ನಾಳೆ ನಡೆಯಬಹುದಾದ ಪ್ರತಿಭಟನೆಗೂ ಅದೇ ಹಾಳೆ ಸಾಕಾಗುತ್ತಿತ್ತು.

2. ಸೆಕ್ಷನ್ ನಂಬರ್ ಓದಿ

ಅಮೆರಿಕದ ಸಂಹಿತೆಯನ್ನು ಉಲ್ಲೇಖಿಸುವಾಗ ‘10 ಯು.ಎಸ್.ಸಿ. 12406’ ಎಂಬಂತೆ ಬರೆಯುತ್ತಾರೆ. ಮೊದಲ ಅಂಕಿ ಟೈಟಲ್, ಅಂದರೆ ಕಪಾಟು, ಕೊನೆಯದು ಸೆಕ್ಷನ್. ನಿಮಗೆ ಬೇಕಾದ ಕಪಾಟು ನಾಲ್ಕೇ: 50 ಎಂದರೆ ತುರ್ತು ಪರಿಸ್ಥಿತಿ, 10 ಎಂದರೆ ಸೇನೆ, 32 ಎಂದರೆ ನ್ಯಾಷನಲ್ ಗಾರ್ಡ್, 18 ಎಂದರೆ ಅಪರಾಧಗಳು.

*50 ಕಂಡರೆ:* ಇದು 1976ರ ನ್ಯಾಷನಲ್ ಎಮರ್ಜೆನ್ಸೀಸ್ ಆ್ಯಕ್ಟ್, ಅಥವಾ 1977ರ ಐಈಈಪಿಎ ಎಂಬ ಆರ್ಥಿಕ ತುರ್ತು ಅಧಿಕಾರಗಳ ಕಾಯ್ದೆ. ಮೊದಲನೆಯದು ಕಾನೂನಾದದ್ದು 1976ರ ಸೆಪ್ಟೆಂಬರ್‌ನಲ್ಲಿ, ಅಂದರೆ ನಮ್ಮ ಎಮರ್ಜೆನ್ಸಿ ಇನ್ನೂ ಮುಗಿದಿರದಿದ್ದಾಗ. ಘೋಷಿಸಿದ ಮಾತ್ರಕ್ಕೆ ಅಧ್ಯಕ್ಷರಿಗೆ ಎಲ್ಲ ಅಧಿಕಾರವೂ ಬರುವುದಿಲ್ಲ. ಬೇರೆ ಬೇರೆ ಕಾಯ್ದೆಗಳಲ್ಲಿ ‘ತುರ್ತು ಪರಿಸ್ಥಿತಿ ಇದ್ದರೆ’ ಎಂಬ ಷರತ್ತಿನ 120ಕ್ಕೂ ಹೆಚ್ಚು ಅಧಿಕಾರಗಳು ಚದುರಿಕೊಂಡಿವೆ. ಅವುಗಳಲ್ಲಿ ಯಾವುದನ್ನು ಬಳಸುತ್ತೇನೆಂದು ಹೆಸರಿಸಬೇಕು. 2019ರ ಫೆಬ್ರವರಿ 15ರಂದು ಟ್ರಂಪ್ ಮೆಕ್ಸಿಕೊ ಗಡಿಗೆ ಘೋಷಿಸಿದಾಗ ಹೆಸರಿಸಿದವುಗಳಲ್ಲಿ ಮುಖ್ಯವಾದದ್ದು ಸೇನೆಯ ಕಟ್ಟಡ ನಿಧಿಯ 2808ನೇ ಸೆಕ್ಷನ್ನು. ಆಗಬೇಕಾಗಿದ್ದದ್ದು ಗೋಡೆಗೆ ದುಡ್ಡು.

ಈ ಕಪಾಟು ಕರ್ನಾಟಕದವರಿಗೂ ತಟ್ಟಿದೆ. 2025ರ ಆಗಸ್ಟ್ 6ರಂದು ಭಾರತದ ಸರಕಿನ ಮೇಲೆ ಹೆಚ್ಚುವರಿ ಶೇ 25 ಸುಂಕ ಹಾಕಿದ ಆದೇಶ ನಿಂತದ್ದು ರಷ್ಯಾ ಕುರಿತ ಒಂದು ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ಯ ಮೇಲೆ. ಮೊದಲಿದ್ದ 25 ಸೇರಿ 50 ಆಯಿತು. ಬೆಂಗಳೂರಿನ ಗಾರ್ಮೆಂಟ್ಸ್ ರಫ್ತುದಾರರು ಲೆಕ್ಕ ಹಾಕುತ್ತಾ ಕೂತದ್ದು ಈ ಎಮರ್ಜೆನ್ಸಿಯ ಕಾರಣಕ್ಕೆ. ಅಲ್ಲಿ ಒಬ್ಬ ಸೈನಿಕನೂ ಇರಲಿಲ್ಲ. ಐಈಈಪಿಎ ಸುಂಕ ಹಾಕುವ ಅಧಿಕಾರ ಕೊಡುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2026ರ ಫೆಬ್ರವರಿ 20ರಂದು ಹೇಳಿತು.

*10 ಕಂಡರೆ ಎಚ್ಚರ.* ಇಲ್ಲಿ ಎರಡು ಬಾಗಿಲಿವೆ. 251ರಿಂದ 255ರವರೆಗಿನ ಸೆಕ್ಷನ್‌ಗಳು 1807ರ ಇನ್‌ಸರೆಕ್ಷನ್ ಆ್ಯಕ್ಟ್, ಅಂದರೆ ದಂಗೆ ಕಾಯ್ದೆ. 12406 ಬೇರೆ: ದಾಳಿ, ದಂಗೆ, ಅಥವಾ ‘ರೆಗ್ಯುಲರ್ ಫೋರ್ಸಸ್’ನಿಂದ ಕಾನೂನು ಜಾರಿ ಮಾಡಲಾಗದ ಸ್ಥಿತಿ ಇದ್ದರೆ ನ್ಯಾಷನಲ್ ಗಾರ್ಡನ್ನು ಕೇಂದ್ರದ ಕೈಗೆ ತೆಗೆದುಕೊಳ್ಳುವ ಸೆಕ್ಷನ್. 2025ರಲ್ಲಿ ಲಾಸ್ ಏಂಜಲೀಸ್, ಪೋರ್ಟ್‌ಲೆಂಡ್, ಷಿಕಾಗೊ ಮೂರಕ್ಕೂ ಬಳಸಿದ್ದು 12406. ಸುದ್ದಿ ಬರೆಯುವವರು ಇದನ್ನು ಎಷ್ಟೋ ಸಲ ‘ದಂಗೆ ಕಾಯ್ದೆ ಜಾರಿ’ ಎಂದೇ ಬರೆದುಬಿಡುತ್ತಾರೆ. ಸಣ್ಣ ತಪ್ಪಲ್ಲ. 12406ರಡಿ ಬಂದವರು ಪೊಲೀಸ್ ಕೆಲಸ ಮಾಡುವಂತಿಲ್ಲ ಎಂದು ವಾದಿಸಲು ಜಾಗವಿದೆ. ದಂಗೆ ಕಾಯ್ದೆಯಡಿ ಬಂದವರ ಮೇಲೆ ಆ ವಾದ ನಡೆಯುವುದಿಲ್ಲ.

ದಂಗೆ ಕಾಯ್ದೆ ಜಾರಿಯಾಗಿದೆಯೇ ಎಂದು ತಿಳಿಯಲು ಸುಲಭ ಗುರುತು ಒಂದಿದೆ. 254ನೇ ಸೆಕ್ಷನ್ ಪ್ರಕಾರ ಅಧ್ಯಕ್ಷರು ‘ಚದುರಿ, ನಿಮ್ಮ ನಿಮ್ಮ ಮನೆಗಳಿಗೆ ಶಾಂತಿಯಿಂದ ಹೋಗಿ’ ಎಂದು ದಂಗೆಯವರಿಗೆ ಗಡುವು ಕೊಟ್ಟು ಪ್ರೊಕ್ಲಮೇಶನ್ ಹೊರಡಿಸಲೇಬೇಕು. ಮೇಲೆ ಹೇಳಿದ ವಿನಾಯಿತಿ ಇದೇ. ಪ್ರೊಕ್ಲಮೇಶನ್ ಇಲ್ಲದಿದ್ದರೆ ದಂಗೆ ಕಾಯ್ದೆ ಜಾರಿಯಾಗಿಲ್ಲ. ಒಳಗಿನ ಸೆಕ್ಷನ್ ಯಾವುದೆಂದೂ ನೋಡಿ. 251 ಆದರೆ ರಾಜ್ಯವೇ ಕೇಳಿದೆ ಎಂದರ್ಥ. 252, 253 ಆದರೆ ರಾಜ್ಯ ಬೇಡವೆಂದರೂ ಬರಬಹುದು. 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳನ್ನು ಶಾಲೆಗೆ ಬಿಡದ ಗವರ್ನರ್ ವಿರುದ್ಧ ಐಸೆನ್‌ಹೋವರ್ 101ನೇ ಏರ್‌ಬೋರ್ನ್ ಡಿವಿಜನ್ನಿನ ಸುಮಾರು 1,000 ಸೈನಿಕರನ್ನು ಕಳಿಸಿದ್ದು ಹೀಗೆ, ಕೇಳದೆಯೇ. 1992ರಲ್ಲಿ ಲಾಸ್ ಏಂಜಲೀಸ್‌ಗೆ ಹಿರಿಯ ಬುಷ್ ಕಳಿಸಿದ್ದು ಗವರ್ನರ್ ಪೀಟ್ ವಿಲ್ಸನ್ ಕೇಳಿದ ಮೇಲೆ. ಇನ್ನೂರು ವರ್ಷದಲ್ಲಿ ಸುಮಾರು 30 ಸಂದರ್ಭಗಳಲ್ಲಿ ಈ ಕಾಯ್ದೆ ಬಳಕೆಯಾಗಿದೆ. 1992ರ ನಂತರ 2025 ಮುಗಿಯುವವರೆಗೆ ಯಾರೂ ಬಳಸಲಿಲ್ಲ. ಹಾಗಾಗಿ ಒಂದೇ ಕಾಯ್ದೆ ಮಕ್ಕಳನ್ನು ಶಾಲೆಗೂ ಬಿಡಿಸಿದೆ, ಪ್ರತಿಭಟನೆಯನ್ನೂ ತುಳಿಯಬಲ್ಲದು. ಅದರ ಭಾಷೆ ಅಷ್ಟು ಸಡಿಲ: ಅಧ್ಯಕ್ಷರು ‘ಭಾವಿಸಿದಾಗ’ ಎನ್ನುತ್ತದೆ, ಇಷ್ಟೇ ದಿನ ಎಂಬ ಮಿತಿ ಇಲ್ಲ, ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ ಒಪ್ಪಿಗೆ ಬೇಕಿಲ್ಲ.

‘ಮಾರ್ಷಲ್ ಲಾ’ ಎಂಬ ಪದ ಕಂಡರೆ ಸಾಮಾನ್ಯವಾಗಿ ಮುಂದೆ ಹೋಗಿ. ದಂಗೆ ಕಾಯ್ದೆಯಲ್ಲಿ ಸೈನ್ಯ ನಾಗರಿಕ ಆಡಳಿತಕ್ಕೆ ನೆರವಾಗುತ್ತದೆ. ಮಾರ್ಷಲ್ ಲಾದಲ್ಲಿ ಅದರ ಜಾಗಕ್ಕೇ ಬರುತ್ತದೆ. ಅದನ್ನು ಹೇರಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಕಾಯ್ದೆ ಇಲ್ಲ. ಕೋರ್ಟುಗಳು ತೆರೆದಿರುವಾಗ ನಾಗರಿಕರನ್ನು ಸೇನಾ ನ್ಯಾಯಮಂಡಳಿಯ ಮುಂದೆ ನಿಲ್ಲಿಸುವಂತಿಲ್ಲ ಎಂದು 1866ರ ಮಿಲಿಗನ್ ಪ್ರಕರಣದಲ್ಲೇ ತೀರ್ಮಾನವಾಗಿದೆ.

3. ಯಾರ ಪಡೆ, ಯಾರ ಸಂಬಳ

ಇಲ್ಲಿ ಒಂದು ಅನುವಾದದ ತೊಡಕು. ನಮ್ಮ ಪತ್ರಿಕೆಗಳು ಗವರ್ನರ್ ಎಂಬುದನ್ನು ‘ರಾಜ್ಯಪಾಲ’ ಎಂದು ಬರೆದು ಓದುಗರ ದಿಕ್ಕು ತಪ್ಪಿಸುತ್ತವೆ. ಅಮೆರಿಕದ ಗವರ್ನರ್ ಜನರಿಂದ ಆರಿಸಿಬಂದವರು; ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ‘ರಾಜ್ಯಪಾಲರು ಕೇಂದ್ರವನ್ನು ವಿರೋಧಿಸಿದರು’ ಎಂದು ಓದಿ ಗೊಂದಲವಾದರೆ ಆ ಜಾಗದಲ್ಲಿ ಮುಖ್ಯಮಂತ್ರಿ ಎಂದು ಇಟ್ಟು ಓದಿ.

ನ್ಯಾಷನಲ್ ಗಾರ್ಡ್‌ಗೆ ಸಮನಾದದ್ದು ನಮ್ಮಲ್ಲಿಲ್ಲ. ಗೃಹರಕ್ಷಕ ದಳವೂ ಅಲ್ಲ, ಕೆಎಸ್‌ಆರ್‌ಪಿಯೂ ಅಲ್ಲ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ ಪಡೆಯುವ, ಉಳಿದ ದಿನ ಬೇರೆ ನೌಕರಿ ಮಾಡುವ, ಸೇನೆಯದೇ ಆಯುಧ ಹಿಡಿಯುವ ಜನ. ಒಂದೇ ಮನುಷ್ಯ ಮೂರು ಟೋಪಿ ಹಾಕಬಹುದು. ‘ಸ್ಟೇಟ್ ಆ್ಯಕ್ಟಿವ್ ಡ್ಯೂಟಿ’ಯಲ್ಲಿ ಆಜ್ಞೆ ಗವರ್ನರದು, ಖರ್ಚೂ ರಾಜ್ಯದ್ದು, ನೆರೆ, ಬಿರುಗಾಳಿಗೆ ಇದೇ. ‘ಟೈಟಲ್ 32’ರಲ್ಲಿ ಆಜ್ಞೆ ಗವರ್ನರದು, ಖರ್ಚು ಕೇಂದ್ರದ್ದು. ‘ಟೈಟಲ್ 10’ರಲ್ಲಿ ಆಜ್ಞೆಯೂ ಖರ್ಚೂ ಕೇಂದ್ರದವು, ಗವರ್ನರ್ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸುದ್ದಿಯಲ್ಲಿ ಈ ಮೂರು ಪದಗಳಲ್ಲಿ ಯಾವುದಿದೆ ಎಂದು ಹುಡುಕುವುದೇ ಈ ಹಂತದ ಕೆಲಸ, ಏಕೆಂದರೆ ಪೊಲೀಸ್ ಕೆಲಸಕ್ಕಿರುವ ನಿಷೇಧ ಮೂರನೇ ಟೋಪಿಗೆ ಮಾತ್ರ ಅನ್ವಯ. 2025ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಸುಮಾರು 200 ಗಾರ್ಡ್‌ಗಳು ಷಿಕಾಗೊ ಇರುವ ಇಲಿನಾಯ್‌ಗೆ ಬಂದದ್ದು ಟೈಟಲ್ 10ರಲ್ಲಿ, ಏಕೆಂದರೆ ಇಲಿನಾಯ್ ಗವರ್ನರ್ ಬೇಡವೆಂದಿದ್ದರು. ವಾಷಿಂಗ್ಟನ್ ಡಿ.ಸಿ.ಯದು ಬೇರೆಯೇ ಕಥೆ. ಅದು ರಾಜ್ಯವಲ್ಲ, ಗವರ್ನರ್ ಇಲ್ಲ, ಅದರ ಗಾರ್ಡ್ ಯಾವಾಗಲೂ ಅಧ್ಯಕ್ಷರ ಕೈಯಲ್ಲಿ. 2025ರ ಆಗಸ್ಟ್ 11ರಂದು ಅಲ್ಲಿ 800 ಗಾರ್ಡ್‌ಗಳನ್ನು ಇಳಿಸಿ, 1973ರ ಹೋಂ ರೂಲ್ ಆ್ಯಕ್ಟಿನ 740ನೇ ಸೆಕ್ಷನ್‌ನಡಿ ನಗರದ ಪೊಲೀಸರನ್ನೂ ಅಧ್ಯಕ್ಷರು ತಮ್ಮ ಕೆಲಸಕ್ಕೆ ತೆಗೆದುಕೊಂಡರು. ಡಿ.ಸಿ.ಯಲ್ಲಿ ಆದದ್ದನ್ನು ಕಂಡು ‘ನಾಳೆ ಡಲ್ಲಾಸ್‌ನಲ್ಲೂ ಹೀಗೇ’ ಎನ್ನುವಂತಿಲ್ಲ. ಆ ಸೆಕ್ಷನ್ ಡಿ.ಸಿ. ದಾಟುವುದಿಲ್ಲ.

ವಿಡಿಯೊ ನೋಡಿ ನಿರ್ಧರಿಸುವವರು ಸೋಲುವುದು ಇಲ್ಲೇ. ಆರ್ಮಿ ಗಾರ್ಡ್‌ನವರ ಎದೆಯ ಪಟ್ಟಿಯಲ್ಲಿ ‘ಯು.ಎಸ್. ಆರ್ಮಿ’ ಎಂದೇ ಇರುತ್ತದೆ, ಟೋಪಿ ಯಾವುದೇ ಇರಲಿ. ಅದಕ್ಕಿಂತ ದೊಡ್ಡ ಮೋಸವೆಂದರೆ, ಮಚ್ಚೆ ಸಮವಸ್ತ್ರದವರೆಲ್ಲ ಸೈನ್ಯವೇ ಅಲ್ಲ. ಗಡಿ ಗಸ್ತಿನ ಬಾರ್ಟ್ಯಾಕ್ ತಂಡ ನೋಡಲು ಥೇಟ್ ಸೈನ್ಯ. ಆದರೆ ಅದು ಗೃಹಭದ್ರತಾ ಇಲಾಖೆಯ ಪೊಲೀಸು, ಅವರಿಗೆ ಬಂಧಿಸುವ ಅಧಿಕಾರ ಮೊದಲಿನಿಂದಲೂ ಇದೆ. ಸೇನೆಯ ಹಳೆಯ ಕವಚ ವಾಹನಗಳು 1033 ಎಂಬ ಯೋಜನೆಯಲ್ಲಿ ಸ್ಥಳೀಯ ಪೊಲೀಸರಿಗೂ ಸಿಗುತ್ತವೆ. ಬೆನ್ನಿನ ಮೇಲೆ ‘ಪೊಲೀಸ್’, ‘ಐಸ್’ (ವಲಸೆ ಜಾರಿ ಸಂಸ್ಥೆ), ‘ಬಾರ್ಡರ್ ಪಟ್ರೋಲ್’ ಎಂದೇನಾದರೂ ಇದೆಯೇ ನೋಡಿ. ಇಲ್ಲದಿದ್ದರೆ ವಿಡಿಯೊದಿಂದ ಏನೂ ತೀರ್ಮಾನಿಸಬೇಡಿ.

4. ಅವರು ಏನು ಮಾಡುತ್ತಿದ್ದಾರೆ

ನಿಷೇಧದ ಹೆಸರು ಪಾಸಿ ಕಮಿಟೇಟಸ್ ಆ್ಯಕ್ಟ್, 1878. ಕಪಾಟು 18, ಸೆಕ್ಷನ್ 1385. ಸಂವಿಧಾನವೋ ಕಾಂಗ್ರೆಸ್ಸಿನ ಕಾಯ್ದೆಯೋ ಸ್ಪಷ್ಟವಾಗಿ ಅನುಮತಿಸದೆ ಸೈನ್ಯವನ್ನು ಕಾನೂನು ಜಾರಿಗೆ ಬಳಸಿದರೆ ಎರಡು ವರ್ಷದವರೆಗೆ ಜೈಲು. ಮೊದಲು ಭೂಸೇನೆಗೆ ಮಾತ್ರವಿತ್ತು, 1956ರಲ್ಲಿ ವಾಯುಪಡೆ ಸೇರಿತು, ನೌಕಾಪಡೆ ಮತ್ತು ಮರೀನ್ಸ್ ಕಾಯ್ದೆಯ ಪಠ್ಯಕ್ಕೆ ಬಂದದ್ದು 2021ರಲ್ಲಿ. ಕೋಸ್ಟ್ ಗಾರ್ಡ್ ಹೊರಗೇ ಇದೆ. ಇದನ್ನು ಪವಿತ್ರ ಗ್ರಂಥದಂತೆ ಹೊಗಳುವವರಿದ್ದಾರೆ. ಹುಟ್ಟಿದ್ದು ಮಾತ್ರ ಅಷ್ಟು ಪವಿತ್ರವಾಗಿ ಅಲ್ಲ: ಅಂತರ್ಯುದ್ಧದ ನಂತರ ದಕ್ಷಿಣದಲ್ಲಿ ಕಪ್ಪು ಮತದಾರರಿಗೆ ಕಾವಲಿದ್ದ ಸೈನ್ಯವನ್ನು ಕಟ್ಟಿಹಾಕಲು ತಂದ ಕಾನೂನು ಇದು.

ಸರ್ಕಾರಿ ಕಟ್ಟಡದ ಗೇಟಿನಲ್ಲಿ ನಿಲ್ಲುವುದು ಒಂದು. ಬೀದಿಯಲ್ಲಿ ಜನರನ್ನು ತಡೆಯುವುದು, ಶೋಧಿಸುವುದು, ಬಂಧಿಸುವುದು, ಗುಂಪು ಚದುರಿಸುವುದು ಇನ್ನೊಂದು. ಗೆರೆ ಇರುವುದು ಇವೆರಡರ ನಡುವೆ. 2025ರ ಸೆಪ್ಟೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಲಾಸ್ ಏಂಜಲೀಸ್‌ನಲ್ಲಿ ಆ ಗೆರೆ ದಾಟಲಾಗಿದೆ ಎಂದು ತೀರ್ಪು ಕೊಟ್ಟರು. ಅದರಲ್ಲಿ ಒಂದು ಸಂಗತಿ ಬಿಡುವಂಥದ್ದಲ್ಲ. ಸೈನಿಕರಿಗೆ ಕೊಟ್ಟ ತರಬೇತಿಯ ಪಟ್ಟಿಯಲ್ಲಿ ‘ಮಾಡಬಾರದು’ ಎಂದಿದ್ದ ಕೆಲಸಗಳಲ್ಲಿ ನಾಲ್ಕು, ಅಂದರೆ ಭದ್ರತಾ ಗಸ್ತು, ಸಂಚಾರ ನಿಯಂತ್ರಣ, ಗುಂಪು ನಿಯಂತ್ರಣ ಮತ್ತು ಗಲಭೆ ನಿಯಂತ್ರಣ, ಇವನ್ನು ‘ಸಂವಿಧಾನದ ವಿನಾಯಿತಿ’ ಇದೆಯೆಂದು ಹೇಳಿ ಮಾಡಬಹುದು ಎಂದಾಗಿತ್ತು. ಬರಹದಲ್ಲಿ ಬೇಡ, ಬಾಯಲ್ಲಿ ಸರಿ. ಈ ತೀರ್ಪಿಗೂ ಎರಡೇ ದಿನದಲ್ಲಿ ಮೇಲಿನ ಕೋರ್ಟು ತಾತ್ಕಾಲಿಕ ತಡೆ ಕೊಟ್ಟಿತೆಂಬುದನ್ನೂ ಸೇರಿಸಿ ಓದಿ.

ಸೈನ್ಯಕ್ಕೆ ಪೊಲೀಸ್ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1992ರ ಲಾಸ್ ಏಂಜಲೀಸ್ ಗಲಭೆಯ ಹೊತ್ತಿನ ಕಾಂಪ್ಟನ್ ಘಟನೆಯನ್ನು ಸೇನಾ ತರಬೇತಿಯವರೇ ಉದಾಹರಿಸುತ್ತಾರೆ. ಮನೆಯೊಂದರ ಜಗಳಕ್ಕೆ ಹೋದ ಪೊಲೀಸರತ್ತ ಒಳಗಿನಿಂದ ಗುಂಡು ಬಂತು. ಪೊಲೀಸ್ ಅಧಿಕಾರಿ ಜೊತೆಯಲ್ಲಿದ್ದ ಮರೀನ್‌ಗಳಿಗೆ ‘ಕವರ್ ಮೀ’ ಎಂದು ಕೂಗಿದ. ಪೊಲೀಸರ ಮಾತಿನಲ್ಲಿ ಅದಕ್ಕೆ ‘ಬಂದೂಕು ಗುರಿ ಹಿಡಿದು ಕಾಯ್ದಿರು’ ಎಂದರ್ಥ. ಮರೀನ್‌ಗಳಿಗೆ ಕಲಿಸಿದ ಅರ್ಥ ‘ಗುಂಡಿನ ಮಳೆ ಸುರಿಸು’. 200ಕ್ಕೂ ಹೆಚ್ಚು ಗುಂಡು ಮನೆಯೊಳಗೆ ಹೋದವು. ಒಳಗೆ ಮಕ್ಕಳೂ ಇದ್ದರು. ಯಾರಿಗೂ ತಗುಲದ್ದು ಅದೃಷ್ಟ. ಯಾರ ದುರುದ್ದೇಶವೂ ಇರಲಿಲ್ಲ, ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥ ಇತ್ತು, ಅಷ್ಟೆ.

ನಮ್ಮಲ್ಲಿ ಸೈನ್ಯ ಬೀದಿಗಿಳಿಯುವುದು ಮ್ಯಾಜಿಸ್ಟ್ರೇಟರ ಕೋರಿಕೆಯ ಮೇಲೆ; ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 130, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್. ಸ್ಥಳದಲ್ಲಿ ನಾಗರಿಕ ಅಧಿಕಾರಿಯ ಸಹಿ ಬೇಕೆಂಬ ಆ ಕಟ್ಟಳೆಗೆ ಅಲ್ಲಿ ಸರಿಜೋಡಿ ಇಲ್ಲ. ಅಲ್ಲಿ ಎಲ್ಲ ಮೇಲಿನಿಂದ, ಒಬ್ಬರ ಸಹಿಯಿಂದ.

5. ಗಡಿಯಾರ ಮತ್ತು ಬೀಗದಕೈ

ಯಾವಾಗ ಮುಗಿಯುತ್ತದೆ, ಮುಗಿಸುವ ಅಧಿಕಾರ ಯಾರದು? ನಿಜವಾದ ಆತಂಕ ಕೂತಿರುವುದು ಇಲ್ಲಿ.

ಡಿ.ಸಿ. ಪೊಲೀಸರ ಮೇಲಿನ ಹಿಡಿತ 30 ದಿನ. ಮುಂದುವರಿಸಲು ಕಾಂಗ್ರೆಸ್ ಒಪ್ಪಬೇಕು. ನಿಷ್ಠುರವಾದ ಗಡುವು ಇದೊಂದೇ. 12406ಕ್ಕೆ ಕಾಯ್ದೆಯಲ್ಲೇ ಗಡುವಿಲ್ಲ, ಮೆಮೊದಲ್ಲಿ ಬರೆದದ್ದಷ್ಟೆ. ರಾಷ್ಟ್ರೀಯ ತುರ್ತು ಪರಿಸ್ಥಿತಿಗೆ ಒಂದು ವರ್ಷ. ವಾರ್ಷಿಕ ದಿನಕ್ಕೆ ಮುಂಚಿನ 90 ದಿನಗಳೊಳಗೆ ‘ಮುಂದುವರಿಸುತ್ತೇನೆ’ ಎಂಬ ನೋಟಿಸ್ ಫೆಡರಲ್ ರಿಜಿಸ್ಟರ್‌ನಲ್ಲಿ ಬಾರದಿದ್ದರೆ ತಾನಾಗಿ ಬಿದ್ದುಹೋಗುತ್ತದೆ. ಆದರೆ ಆ ನೋಟಿಸ್ ಅರ್ಧ ಪುಟದ್ದು, ಎಷ್ಟು ಸಲವಾದರೂ ಹಾಕಬಹುದು. ಇರಾನ್ ಒತ್ತೆಯಾಳುಗಳ ಸಂದರ್ಭದಲ್ಲಿ ಜಿಮ್ಮಿ ಕಾರ್ಟರ್ 1979ರ ನವೆಂಬರ್ 14ರಂದು ಘೋಷಿಸಿದ್ದು ಇಂದಿಗೂ ವರ್ಷ ವರ್ಷ ನವೀಕರಣವಾಗುತ್ತಾ ಬಂದಿದೆ. ಒತ್ತೆಯಾಳುಗಳು ಬಿಡುಗಡೆಯಾದದ್ದು 1981ರಲ್ಲಿ!

ಕಾಂಗ್ರೆಸ್ ಮುಗಿಸಬಹುದಲ್ಲ ಎಂದು ಕೇಳಬಹುದು. 1976ರಲ್ಲಿ ಬರೆದ ಹಾಗೆ ಎರಡೂ ಸದನಗಳು ಸರಳ ಬಹುಮತದಲ್ಲಿ ನಿರ್ಣಯ ಮಾಡಿದರೆ ಸಾಕಿತ್ತು, ಅಧ್ಯಕ್ಷರ ಸಹಿ ಬೇಕಿರಲಿಲ್ಲ. 1983ರಲ್ಲಿ ಚಡ್ಡಾ ಎಂಬ ವಲಸೆ ಪ್ರಕರಣದಲ್ಲಿ, ಅಧ್ಯಕ್ಷರ ಸಹಿಯಿಲ್ಲದ ಇಂಥ ರದ್ದತಿಗಳೇ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣಕ್ಕೂ ತುರ್ತು ಪರಿಸ್ಥಿತಿಗೂ ಸಂಬಂಧವೇ ಇರಲಿಲ್ಲ. 1985ರಲ್ಲಿ ಕಾಯ್ದೆ ತಿದ್ದಿ ಅಧ್ಯಕ್ಷರ ಮುಂದೆ ಹೋಗುವ ಜಂಟಿ ನಿರ್ಣಯ ತಂದರು. ಪರಿಣಾಮ: ಘೋಷಿಸಿದವರೇ ರದ್ದತಿಗೆ ವೀಟೊ ಹಾಕಬಹುದು, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಪಾಲು ಬೇಕು. 2019ರ ಮಾರ್ಚ್‌ನಲ್ಲಿ ಮೆಕ್ಸಿಕೊ ಗಡಿಯ ಘೋಷಣೆಯ ವಿಷಯದಲ್ಲಿ ಇದೇ ನಡೆಯಿತು. ಸ್ವಂತ ಪಕ್ಷದ ಸೆನೆಟರುಗಳೂ ಸೇರಿ ನಿರ್ಣಯ ಪಾಸಾಯಿತು, ಟ್ರಂಪ್ ವೀಟೊ ಹಾಕಿದರು, ಕೆಳಮನೆಯಲ್ಲಿ 248–181 ಬಂದರೂ ಸಾಲಲಿಲ್ಲ.

ನಾವು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಹೋದವರು. 1978ರ 44ನೇ ತಿದ್ದುಪಡಿ ‘ಆಂತರಿಕ ಗಲಭೆ’ ಎಂಬ ಸಡಿಲ ಪದ ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಹಾಕಿತು, ಸಂಪುಟದ ಲಿಖಿತ ಸಲಹೆ ಕಡ್ಡಾಯ ಮಾಡಿತು, ಒಂದು ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತ ಬೇಕೆಂದಿತು. ನಮ್ಮಲ್ಲಿ ಸಂಸತ್ತು ಒಪ್ಪದಿದ್ದರೆ ಬೀಳುತ್ತದೆ. ಅಲ್ಲಿ ಕಾಂಗ್ರೆಸ್ ಮೂರನೇ ಎರಡರಷ್ಟು ವಿರೋಧಿಸದಿದ್ದರೆ ನಿಲ್ಲುತ್ತದೆ.

6. ಕೋರ್ಟಿನ ಸುದ್ದಿಯನ್ನು ಗಂಟೆ ಸಮೇತ ಓದಿ

‘ಸೈನ್ಯ ನಿಯೋಜನೆಗೆ ಕೋರ್ಟ್ ತಡೆ’ ಎಂಬ ಶೀರ್ಷಿಕೆಯ ಆಯಸ್ಸು ಕೆಲವೊಮ್ಮೆ ಒಂದು ಸಂಜೆ. 2025ರ ಜೂನ್ 12ರಂದು ಬ್ರೇಯರ್ ಗಾರ್ಡನ್ನು ಗವರ್ನರಿಗೆ ಹಿಂದಿರುಗಿಸಿ ಎಂದರು. ಕೆಲವೇ ಗಂಟೆಗಳಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅದನ್ನು ತಡೆಹಿಡಿಯಿತು. ಭಾರತದ ಬೆಳಗಿನ ಪತ್ರಿಕೆ ಅಚ್ಚಾಗುವಷ್ಟರಲ್ಲಿ ಎರಡೂ ಆಗಿಹೋಗಿತ್ತು.

ಟಿಆರ್‌ಒ ಎಂದರೆ ತುರ್ತು ತಡೆ, 14 ದಿನ, ಸಾಮಾನ್ಯವಾಗಿ ಇನ್ನೊಂದು 14 ದಿನ ಬೆಳೆಸಬಹುದು. ಪ್ರಿಲಿಮಿನರಿ ಇಂಜಂಕ್ಷನ್ ಎಂದರೆ ಪ್ರಕರಣ ಮುಗಿಯುವವರೆಗಿನ ತಡೆ. ಸ್ಟೇ ಎಂದರೆ ತಡೆಗೇ ತಡೆ. ಯಾವ ಮಟ್ಟದ ಕೋರ್ಟು, ಯಾವ ಬಗೆಯ ಆದೇಶ, ಅದರ ಮೇಲೆ ಸ್ಟೇ ಇದೆಯೇ, ಇಷ್ಟು ಗೊತ್ತಾಗುವವರೆಗೆ ಫಾರ್ವರ್ಡ್ ಮಾಡಬೇಡಿ.

ಈವರೆಗಿನ ದೊಡ್ಡ ಆದೇಶ 2025ರ ಡಿಸೆಂಬರ್ 23ರದ್ದು. ಷಿಕಾಗೊ ನಿಯೋಜನೆಗೆ ಕೆಳಗಿನ ಕೋರ್ಟು ಹಾಕಿದ್ದ ತಡೆಯನ್ನು ತೆಗೆಯಲು ಸುಪ್ರೀಂ ಕೋರ್ಟ್ 6–3ರಲ್ಲಿ ಒಪ್ಪಲಿಲ್ಲ. 12406ರಲ್ಲಿರುವ ‘ರೆಗ್ಯುಲರ್ ಫೋರ್ಸಸ್’ ಎಂದರೆ ವಲಸೆ ಅಧಿಕಾರಿಗಳಲ್ಲ, ಬಹುಶಃ ಸೇನೆಯೇ. ಹಾಗಿದ್ದರೆ ಸೇನೆಯೇ ಕಾನೂನುಬದ್ಧವಾಗಿ ಕಾನೂನು ಜಾರಿ ಮಾಡಬಹುದಾದ ಸಂದರ್ಭದಲ್ಲಿ ಮಾತ್ರ ಈ ಬಾಗಿಲು ತೆರೆಯುತ್ತದೆ ಎಂಬುದು ಅದರ ತರ್ಕ. ಡಿಸೆಂಬರ್ 31ರಂದು ಷಿಕಾಗೊ, ಲಾಸ್ ಏಂಜಲೀಸ್, ಪೋರ್ಟ್‌ಲೆಂಡ್‌ಗಳಿಂದ ಗಾರ್ಡ್ ಹಿಂತೆಗೆಯುವುದಾಗಿ ಅಧ್ಯಕ್ಷರು ಪ್ರಕಟಿಸಿದರು. ಇದನ್ನು ಸಂಪೂರ್ಣ ಗೆಲುವೆಂದು ಕುಣಿಯುವಂತಿಲ್ಲ. ಅದು ಮಧ್ಯಂತರ ಆದೇಶ, ಮತ್ತು 12406ರ ಬಾಗಿಲು ಕಿರಿದಾದಷ್ಟೂ ಅಧ್ಯಕ್ಷರೊಬ್ಬರು ಪಕ್ಕದ ದಂಗೆ ಕಾಯ್ದೆಯ ಬಾಗಿಲು ತಟ್ಟುವ ಸಂಭವ ಹೆಚ್ಚು.

‘ಚುನಾವಣೆ ರದ್ದು’ ಎಂಬ ಫಾರ್ವರ್ಡ್‌ಗೂ ಇಲ್ಲೇ ಉತ್ತರ ಇರಲಿ. ಕೇಂದ್ರ ಚುನಾವಣೆಯ ದಿನ ಕಾಂಗ್ರೆಸ್ಸಿನ ಕಾಯ್ದೆಯಲ್ಲಿದೆ. ಅಧ್ಯಕ್ಷರಿಗೆ ಅದನ್ನು ಮುಂದೂಡುವ ಅಧಿಕಾರವಿಲ್ಲ. ಮತಗಟ್ಟೆಗೆ ಸಶಸ್ತ್ರ ಸೈನಿಕರನ್ನು ಕಳಿಸಿದವರಿಗೆ, ಶತ್ರುಗಳ ಸಶಸ್ತ್ರ ದಾಳಿ ತಡೆಯುವ ಸಂದರ್ಭ ಬಿಟ್ಟರೆ, ಕಪಾಟು 18ರ 592ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ.

7. ಅಲ್ಲೇ ಇರುವವರು ಮಾಡಿಕೊಳ್ಳಬೇಕಾದದ್ದು

ಕರ್ಫ್ಯೂ ಇದೆಯೇ ಎಂದು ನಗರದ ಅಥವಾ ಕೌಂಟಿಯ ಜಾಲತಾಣದಲ್ಲಿ ನೋಡಿ, ಸೈನಿಕರನ್ನು ಕೇಳಬೇಡಿ. ಕರ್ಫ್ಯೂ ಸಾಮಾನ್ಯವಾಗಿ ಮೇಯರ್ ಅಥವಾ ಗವರ್ನರರದು. 2025ರ ಜೂನ್ 10ರಂದು ಲಾಸ್ ಏಂಜಲೀಸ್ ಮೇಯರ್ ಹಾಕಿದ್ದು ಡೌನ್‌ಟೌನ್‌ನ ಸುಮಾರು ಒಂದು ಚದರ ಮೈಲಿಗೆ, ರಾತ್ರಿ 8ರಿಂದ ಬೆಳಿಗ್ಗೆ 6. ಅಲ್ಲಿಂದ ಅರ್ಧ ಗಂಟೆ ದೂರದ ಕನ್ನಡ ಶಾಲೆಗೆ ಅದರಿಂದ ಏನೂ ಆಗುವುದಿಲ್ಲ.

18 ದಾಟಿದ ವಿದೇಶೀಯರು ನೋಂದಣಿ ಪುರಾವೆ ಜೊತೆಯಲ್ಲಿಡಬೇಕೆಂದು ವಲಸೆ ಕಾನೂನಿನ ಕಪಾಟು 8ರ 1304ನೇ ಸೆಕ್ಷನ್ ಹೇಳುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಅದೇ ಕಾರ್ಡು. ಎಚ್‌-1ಬಿ, ಎಫ್‌-1 (ವಿದ್ಯಾರ್ಥಿ ವೀಸಾ)ನವರಿಗೆ ದೇಶ ಪ್ರವೇಶದ ದಾಖಲೆಯಾದ ಐ-94. ಅದು ಈಗ ಕಾಗದದಲ್ಲಿ ಬರುವುದಿಲ್ಲವಾದ್ದರಿಂದ ಜಾಲತಾಣದಿಂದ ಇಳಿಸಿ ಮುದ್ರಿಸಿ ಇಟ್ಟುಕೊಳ್ಳಿ. ಫೋನಿನಲ್ಲಿ ಫೋಟೊ ಇದೆ ಎಂದು ನೆಚ್ಚಬೇಡಿ, ಫೋನೇ ಕೈಬಿಡಬಹುದು.

ಪ್ರತಿಭಟನೆಗೆ ಹೋಗುವ ಹಕ್ಕು ವೀಸಾದವರಿಗೂ ಇದೆ, ಸಾರ್ವಜನಿಕ ಜಾಗದಲ್ಲಿ ಚಿತ್ರೀಕರಿಸುವುದೂ ಸಾಮಾನ್ಯವಾಗಿ ಹಕ್ಕೇ. ಆದರೆ ಬಂಧನವಾದರೆ ಪ್ರಜೆಗೂ ವೀಸಾದವರಿಗೂ ಬೆಲೆ ಒಂದೇ ಅಲ್ಲ: ಶಿಕ್ಷೆಯಾಗದಿದ್ದರೂ, ಬಂಧನದ ಕಾರಣಕ್ಕೇ ವೀಸಾ ರದ್ದಾಗಬಹುದು. ಹೋಗುವ ಮುಂಚೆ ವಲಸೆ ವಕೀಲರೊಬ್ಬರ ನಂಬರ್ ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ತಡೆದರೆ ಓಡಬೇಡಿ. ‘ನಾನು ಹೋಗಬಹುದೇ’ ಎಂದು ಕೇಳಿ; ಹೌದೆಂದರೆ ನಡೆದು ಹೋಗಿ, ಇಲ್ಲವೆಂದರೆ ವಕೀಲರು ಬೇಕು ಎಂದು ಹೇಳಿ ಸುಮ್ಮನಿರಿ. ಸುಳ್ಳು ಹೇಳುವುದು ಮೌನಕ್ಕಿಂತ ಎಷ್ಟೋ ಅಪಾಯ. ವಶಕ್ಕೆ ತೆಗೆದುಕೊಂಡರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವುದು ವಿಯೆನ್ನಾ ಒಪ್ಪಂದದ 36ನೇ ವಿಧಿಯ ಹಕ್ಕು, ಬಾಯಿಬಿಟ್ಟು ಕೇಳಬೇಕು.

ಊರಿನವರಿಗೆ ಮೊದಲೇ ಕೊಟ್ಟಿರಬೇಕಾದ ಒಂದು ವಿವರವಿದೆ. ವಲಸೆ ಇಲಾಖೆಯ ವಶದಲ್ಲಿರುವವರನ್ನು ‘ಡಿಟೇನಿ ಲೊಕೇಟರ್’ ಎಂಬ ಜಾಲತಾಣದಲ್ಲಿ ಎ-ನಂಬರ್ (ವಲಸೆ ಇಲಾಖೆ ವಿದೇಶೀಯರಿಗೆ ಕೊಡುವ ಸಂಖ್ಯೆ) ಅಥವಾ ಹೆಸರು, ಜೊತೆಗೆ ಹುಟ್ಟಿದ ದೇಶ ಕೊಟ್ಟು ಹುಡುಕಬಹುದು. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು, ನಮ್ಮವರ ಹೆಸರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದು, ಇಡೀ ಹೆಸರು ಸರ್‌ನೇಮ್ ಆಗಿರುತ್ತದೆ. ಇನಿಷಿಯಲ್ ಬಿಡಿಸಿ ಬರೆದವರಿಗೆ ಊರಿನ ಹೆಸರು, ಅಪ್ಪನ ಹೆಸರು ಎಲ್ಲೆಲ್ಲಿಗೋ ಹೋಗಿರುತ್ತವೆ. ವೀಸಾ ಪುಟ, ಐ-94, ಎ-ನಂಬರ್ ಇರುವ ಕಾರ್ಡಿದ್ದರೆ ಅದು, ಈ ಮೂರರ ಪ್ರತಿ ಮನೆಯಲ್ಲೊಬ್ಬರ ಬಳಿ ಇರಲಿ. ಅಲ್ಲಿ ‘ಪ್ರಕಾಶ’ ಎಂದು ಹುಡುಕಿದರೆ ಸಿಗುವುದಿಲ್ಲ, ವೀಸಾದಲ್ಲಿ ಹೇಗಿದೆಯೋ ಹಾಗೆಯೇ ಒತ್ತಬೇಕು.